ಫ್ರಿಜ್ಜಿನ ಹಿಂದಿನ ಕ್ಷೇತ್ರ

ವೆಸ್ಟ್ ಮಾಂಬಲಂನಲ್ಲಿ ರೈಲು ಹಿಡಿಯುವ ಮೊದಲು ಕಾಫಿಗೆಂದು ಒಂದು ಹೋಟೆಲು ಹೊಕ್ಕೆ. ಕಾಫಿ ಬಂತು, ಅಲ್ಲೇ ಆರಿತು. ಮತದಾರರ ಪಟ್ಟಿಯ ಕೆಲಸಕ್ಕೆ ಬಂದಿದ್ದ ಟೀಚರಮ್ಮ ಗಲ್ಲಾದಲ್ಲಿದ್ದ ಮಾಲೀಕರ ಮುಂದೆ ನಿಂತು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಪಟ್ಟಿಯಲ್ಲಿ ಹೆಸರು ಉಳಿಯಲು ಅವರು ಫಾರಂ ತುಂಬಿ ಕೊಡಬೇಕಿತ್ತು, ಅದಕ್ಕೆ ಅಂದೇ ಕೊನೆಯ ದಿನ. ಕ್ಷೇತ್ರಗಳ ಗಡಿ ಬದಲಾಗುವ ಮೊದಲು ಈ ಬೀದಿ ಯಾವ ಕ್ಷೇತ್ರದಲ್ಲಿತ್ತೆಂದು ಬರೆಯದಿದ್ದರೆ ಹಳೆಯ ಪಟ್ಟಿಯಲ್ಲಿ ಹುಡುಕುವುದು ಹೇಗೆ, ಹೆಸರೇ ಬಿಟ್ಟುಹೋದೀತು ಎಂದು ತಮಿಳಿನಲ್ಲಿ ಗದರಿದರು.

ಕುಂದಾಪುರ ಕಡೆಯ ಮಾಲೀಕರಾದ ಭಟ್ಟರು ಬೆವರೊರೆಸಿಕೊಂಡರು. ಒಂದು ಚುನಾವಣೆಯನ್ನೂ ತಪ್ಪಿಸದ ಮನುಷ್ಯನಿಗೆ ಆ ಹಳೆಯ ಕ್ಷೇತ್ರದ ಹೆಸರೇ ನೆನಪಿಲ್ಲ! ಥಟ್ಟನೆ ಎದ್ದು ನನ್ನತ್ತ ತಿರುಗಿದರು. "ಸ್ವಲ್ಪ ಕೈ ಹಾಕಿ ಮಾರಾಯ್ರೇ, ಈ ಫ್ರಿಜ್ಜು ಸರಿಸುವ."

ಹಿಂದಿನ ಗೋಡೆಯಲ್ಲಿ ಹೋಟೆಲಿನ ಉದ್ಘಾಟನೆಯ ಕಲ್ಲಿತ್ತು. ಜೇಡರ ಬಲೆ ಒರೆಸಿದಾಗ ಅಂದಿನ ಶಾಸಕರ ಹೆಸರು ಕಂಡಿತು, ಅದರ ಕೆಳಗೆ ಕ್ಷೇತ್ರದ್ದು. ಟೀಚರಮ್ಮ ಬರೆದುಕೊಂಡು ಹೊರಟರು.

"ಇಷ್ಟು ಒಳ್ಳೆಯ ಕಲ್ಲನ್ನು ಯಾಕೆ ಮುಚ್ಚಿಟ್ಟಿರಿ?" ಎಂದು ಕೇಳಿದೆ.

"ಅವ್ರು ಸೋತ್ರಲ್ಲ" ಎಂದರು ಭಟ್ಟರು ದನಿ ತಗ್ಗಿಸಿ. ಬೀದಿಯತ್ತ ಕಣ್ಣು ಹಾಯಿಸಿ ಫ್ರಿಜ್ಜಿಗೆ ಹೆಗಲು ಕೊಟ್ಟರು. "ಬೇಗ ದೂಡಿ. ಈಗಿನ ಎಮ್ಮೆಲ್ಲೆ ಕಡೆಯವ್ರು ಕಾಫಿಗೆ ಬರುವ ಹೊತ್ತಾಯ್ತು."