ಅಟ್ಟಕ್ಕೆ ಹಾಕಿದ ಚೀಲ

ಹೈಸ್ಕೂಲಿನ ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ಅಂಗಳ ಗುಡಿಸುವುದು ನನಗೆ ತಪ್ಪಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ತುರುವೇಕೆರೆ ರಸ್ತೆಯ ನಮ್ಮ ಮನೆಯ ಹಿಂದಿನ ಕೋಣೆಯನ್ನು ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದ ದಂಪತಿಗೆ ಬಾಡಿಗೆಗೆ ಕೊಟ್ಟೆವು. ಗಂಡನಿಗೆ ನಾರಿನ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ಅಷ್ಟಿಷ್ಟು ಕನ್ನಡ ಕಲಿತಿದ್ದಳು.

ಆಕೆ ಬಾಗಿಲ ಪಕ್ಕದಲ್ಲಿ ಸದಾ ಒಂದು ರೆಕ್ಸಿನ್ ಚೀಲ ತುಂಬಿ ಇಟ್ಟಿರುತ್ತಿದ್ದಳು. ಕಾಗದಪತ್ರ, ಒಂದು ಜೊತೆ ಬಟ್ಟೆ, ಟಾರ್ಚು, ಬಿಸ್ಕತ್ತು.

"ದಾರಿಗಡ್ಡ ಯಾಕಮ್ಮ ಇದು?" ಎಂದೆ.

"ಓಡುವಾಗ ಹುಡುಕೋಕೆ ಟೈಮ್ ಇರಲ್ಲ ಮೇಷ್ಟ್ರೇ."

"ಇಲ್ಲಿಂದ ಯಾರು ನಿನ್ನ ಓಡಿಸ್ತಾರೆ? ಹೊತ್ತಿಗೆ ಸರಿಯಾಗಿ ಎದ್ದು ಕೆಲಸ ಮಾಡು. ಭಯ ತಾನಾಗಿ ಹೋಗುತ್ತೆ."

ಆ ವಾರ ನಾವು ಅಟ್ಟಕ್ಕೆ ಕಾಯಿ ತುಂಬುತ್ತಿದ್ದೆವು. ಆಕೆ ನೀರಿಗೆ ಹೋಗಿದ್ದಾಗ ಚೀಲವನ್ನು ಆಳಿನ ಕೈಲಿ ಅಟ್ಟದ ಮೂಲೆಗೆ ತಳ್ಳಿಸಿ, ಮುಂದೆ ಕಾಯಿ ಸುರಿಸಿದೆ. ಕೊಬ್ಬರಿಗೆಂದು ಹಾಕಿದ ಕಾಯಿಯನ್ನು ಒಳಗಿನ ನೀರು ಇಂಗುವವರೆಗೆ, ಹತ್ತು ಹನ್ನೊಂದು ತಿಂಗಳು, ನಮ್ಮ ಕಡೆ ಯಾರೂ ಕದಲಿಸುವುದಿಲ್ಲ. ಅಷ್ಟರಲ್ಲಿ ಆಕೆಗೆ ಅಭ್ಯಾಸ ತಪ್ಪಿರುತ್ತದೆಂದು ಲೆಕ್ಕ ಹಾಕಿದ್ದೆ. ಉಪಕಾರ ಮಾಡಿದೆನೆಂಬ ಹೆಮ್ಮೆಯೂ ಇತ್ತು.

ಆಕೆ ಎರಡು ಸಲ ಕೇಳಿದಳು. ಕಾಯಿ ಇಳಿಸಿದಾಗ ಸಿಗುತ್ತದೆ ಎಂದೆ. ಮೂರನೆಯ ಸಲ ಕೇಳಲಿಲ್ಲ. ಊಟ ಬಿಟ್ಟಳು. ಕಾಲಿಗೆ ಚಪ್ಪಲಿ ಹಾಕಿಕೊಂಡೇ ಬಾಗಿಲಿಗೊರಗಿ ಕೂತಿರುತ್ತಿದ್ದಳು.

ನನ್ನ ಹೆಂಡತಿ ಸಿಡುಕಿದಳು: "ನಿಮ್ಮ ಪೆರೇಡು ಸ್ಕೂಲ್ನಾಗೇ ಮುಗೀತು ಕಣ್ರೀ. ಆ ಹೆಣ್ಮಗಳ ಮುಖ ನೋಡಿದ್ದೀರಾ? ಕೊಟ್ಬುಡಿ."

"ಈಗ ಕದಲಿಸಿದ್ರೆ ಕಾಯಿ ಕೆಡುತ್ತೆ ಕಣೇ."

ಹತ್ತನೆಯ ದಿನ ಆಕೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಕುಸಿದುಬಿದ್ದಳು. ತಿಪಟೂರಿನ ಡಾಕ್ಟರು ನಾಡಿ ಹಿಡಿದು, ಆಕೆಯ ಗಂಡನಿಂದ ಎಲ್ಲವನ್ನೂ ಕೇಳಿ ತಿಳಿದು, ನನ್ನ ಕಡೆ ತಿರುಗಿದರು.

"ಮಾತ್ರೆ ಬರೀತೀನಿ ಮೇಷ್ಟ್ರೇ. ಅದಕ್ಕೆ ಮುಂಚೆ ಚೀಲ ಕೊಡಿ. ಅದು ಪಕ್ಕದಲ್ಲಿದ್ರೇನೇ ಆಯಮ್ಮಂಗೆ ನಿದ್ದೆ."

ಅದೇ ಮಧ್ಯಾಹ್ನ ನಾನೇ ಅಟ್ಟ ಹತ್ತಿ, ಕಾಯಿಗಳನ್ನು ಒಂದೊಂದಾಗಿ ಸರಿಸಿ ಚೀಲ ತೆಗೆದೆ. ಆಕೆ ಅದನ್ನು ಬಿಚ್ಚಿ ಒಂದೊಂದೇ ಮುಟ್ಟಿ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ಎಲ್ಲಿಟ್ರೆ ನಿಮಗೆ ಅಡ್ಡ ಆಗಲ್ಲ ಮೇಷ್ಟ್ರೇ?" ಎಂದು ಕೇಳಿದಳು.

ಇಷ್ಟು ವರ್ಷವಾದರೂ ಆ ಪ್ರಶ್ನೆಗೆ ತಲೆಯೆತ್ತಿ ಉತ್ತರ ಹೇಳಲಾರೆ. "ಎಲ್ಲಿ ಬೇಕೋ ಅಲ್ಲಿ ಇಟ್ಕೊ ತಾಯಿ" ಎಂದವಳು ನನ್ನ ಹೆಂಡತಿ.