ಔಡಲ ಹಿಂಡಿಯ ಬುಟ್ಟಿ

ಬಸಣ್ಣ ಕಾಕಾನ ಗಾಣದ ಎತ್ತನ್ನೂ ಹನುಮವ್ವನ ಎಮ್ಮೆಯನ್ನೂ ಕೊಂದವಳು ನಾನು. ನೀಲಿ ಅಲ್ಲ. ಬೇವೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಈಗಲೂ ಹಳಬರು ಯಾರಾದರೂ ಆ ಮಾತು ತೆಗೆದರೆ ನೀಲಿಯ ಹೆಸರನ್ನೇ ಹೇಳುತ್ತಾರೆ. ಆ ಹೆಸರನ್ನು ಅವರ ಬಾಯಿಗೆ ಕೊಟ್ಟವಳೂ ನಾನೇ.

ತೊಂಬತ್ತೇಳರ ಸುಗ್ಗಿ. ನನಗೆ ಹತ್ತು ವರ್ಷ, ನೀಲಿಗೂ ಅಷ್ಟೆ. ನಮ್ಮದು ಒಕ್ಕಲುತನದ ಮನೆ, ಬಸಣ್ಣ ಕಾಕಾನದು ಎಣ್ಣೆ ತೆಗೆಯುವ ಗಾಣದ ಮನೆ. ನಡುವೆ ಒಂದೇ ಮಣ್ಣಿನ ಗೋಡೆ. ಕಾಕಾನ ಮಗಳು ನೀಲಿಯೂ ನಾನೂ ಸೇರಿ ಆ ಗೋಡೆಗೆ ಕಿಂಡಿ ಕೊರೆದಿದ್ದೆವು – ಅವಳ ಕಡೆಯಿಂದ ಶೇಂಗಾ, ನನ್ನ ಕಡೆಯಿಂದ ಬೆಲ್ಲ. ನನ್ನ ಅವ್ವ ಎಷ್ಟು ಸಲ ಮಣ್ಣು ಮೆತ್ತಿದರೂ ಮತ್ತೆ ತೆಗೆಯುತ್ತಿದ್ದೆವು. ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದವಳು ನೀಲಿಯ ಅವ್ವ. ಸಾಲೆಯಲ್ಲಿ ನಮ್ಮಿಬ್ಬರಿಗೂ ಎಣ್ಣಿ ಗಡಿಗಿ ಎಂದೇ ಹೆಸರು.

ಆಗ ಮನೆಮನೆಯವರು ತಮ್ಮ ಕುಸುಬಿ ಕಾಳನ್ನು ತಾವೇ ಗಾಣಕ್ಕೆ ತರುತ್ತಿದ್ದರು. ಎಣ್ಣೆಯೆಲ್ಲ ಕಾಳು ತಂದವರಿಗೆ, ಹಿಂಡಿದ ಮೇಲೆ ಉಳಿಯುವ ಹಿಂಡಿ ಗಾಣದವರಿಗೆ. ಕೂಲಿ ಎಂದರೆ ಅದೇ. ಆ ಹಿಂಡಿಯಿಂದಲೇ ಗಾಣದ ಎತ್ತು ಬದುಕಬೇಕು; ಮಿಕ್ಕದ್ದನ್ನು ಹಾಲು ಮಾರುವ ಹನುಮವ್ವನಂಥವರು ಒಯ್ಯುತ್ತಿದ್ದರು. ಹನುಮವ್ವನಿಗೆ ಗಂಡ ಇರಲಿಲ್ಲ. ಒಂದು ಎಮ್ಮೆ ಇತ್ತು.

ಕುಸುಬಿಯೆಲ್ಲ ಮುಗಿದ ಮೇಲೆ ಕೊನೆಗೆ ಔಡಲ, ಅಂದರೆ ಹರಳು. ಅದರ ಎಣ್ಣೆ ತಲೆಗೆ, ಬಂಡಿಯ ಅಚ್ಚಿಗೆ ಬೇಕು. ಆದರೆ ಔಡಲದ ಹಿಂಡಿ ವಿಷ, ದನ ತಿಂದರೆ ಉಳಿಯುವುದಿಲ್ಲ. ಅದನ್ನು ಊರ ಹೊರಗಿನ ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ಒಂದೆರಡು ಸಲ ಕುಳಿತಿದ್ದೇನೆ – ಗೊತ್ತಿತ್ತು.

ಔಡಲ ತೆಗೆದ ಮೇಲೆ ಗಾಣಕ್ಕೆ ತೌಡು ಹಾಕಿ ಕೆಲವು ಸುತ್ತು ತಿರುಗಿಸಿ ಒರೆಸುತ್ತಿದ್ದರು. ಆಗ ಎಣ್ಣೆ ಕೆಡುವ ಭಯವಿಲ್ಲ. ಹಾಗಾಗಿ ಎತ್ತಿನ ಹಿಂದೆ ಸುತ್ತುವ ಗಾಣದ ಹಲಗೆಯ ಮೇಲಿನ ಭಾರದ ಕಲ್ಲು ಇಳಿಸಿ, ಅಲ್ಲಿ ಮಕ್ಕಳನ್ನು ಕೂರಿಸುತ್ತಿದ್ದರು. ವರ್ಷಕ್ಕೆ ಅದೊಂದೇ ಸಂಜೆ. ಮೊದಲು ಬಂದವರಿಗೆ ಎತ್ತಿನ ಹಿಂದಿನ ಜಾಗ.

ಆ ಸಂಜೆ ಕಾಕಾ ನಮ್ಮಿಬ್ಬರಿಗೂ ಒಂದೊಂದು ಬುಟ್ಟಿ ಔಡಲ ಹಿಂಡಿ ಹೊರಿಸಿದ.

"ಗುಂಡ್ಯಾಗ ಹಾಕಿ ಮಣ್ಣು ಮುಚ್ಚಿ ಬರ್ರಿ. ಹಾದ್ಯಾಗ ಚೆಲ್ಲೀರಿ ಮತ್ತ. ಏನವಾ ಸಾವಿ, ಹಲಗಿ ಮ್ಯಾಲ ಕುಂದ್ರಾಕ ಇವತ್ತ ಎಷ್ಟು ರೊಟ್ಟಿ ಉಂಡು ಬಂದಿ? ನಮ್ಮ ಎತ್ತು ಕುಂತುಬಿಟ್ಟೀತು."

"ಎರಡ ಉಂಡೀನಿ ಕಾಕಾ."

"ಸುಳ್ಳ ಹೇಳ್ತಾಳ. ನಾಕ ಉಂಡಾಳ, ಕಿಂಡ್ಯಾಗಿಂದ ನೋಡೀನಿ," ಎಂದು ನಗುತ್ತಾ ನೀಲಿ ಮುಂದೆ ಓಡಿದಳು. ನಾನು ಹಿಂದೆ ಬಿದ್ದೆ. ಅವಳು ಮೊದಲು ಮುಟ್ಟುತ್ತಾಳೆ, ಮೊದಲು ತಿರುಗುತ್ತಾಳೆ, ಆ ಜಾಗ ಅವಳದೇ ಆಗುತ್ತದೆ – ಇಷ್ಟೇ ತಲೆಯಲ್ಲಿದ್ದದ್ದು. ಅವಳು ಓಣಿ ತಿರುಗಿದ ಮೇಲೆ ನಾನು ಹಿಂದಕ್ಕೆ ಬಂದೆ. ಗಾಣದ ಮನೆಯ ಹಿತ್ತಿಲ ಮೂಲೆಯಲ್ಲಿ ಕುಸುಬಿ ಹಿಂಡಿಯ ರಾಶಿ ಇತ್ತು. ಅದರ ಹಿಂಬದಿಗೆ ಬುಟ್ಟಿ ಸುರಿದೆ. ಮೇಲೆ ಕುಸುಬಿ ಹಿಂಡಿ ಎಳೆದು ಕೈಯಿಂದ ಸವರಿದೆ. ನಾಳೆ ಬೆಳಿಗ್ಗೆ ಎದ್ದು ತೆಗೆದರಾಯಿತು...

ಹಲಗೆಯ ಮೇಲೆ ಮೊದಲು ಕುಳಿತವಳು ನಾನು. ನೀಲಿ ಏದುಸಿರು ಬಿಡುತ್ತಾ ಬಂದು, ನನ್ನನ್ನು ಒಂದು ಗಳಿಗೆ ನೋಡಿ, ಏನೂ ಕೇಳದೆ ನನ್ನ ಹಿಂದೆ ಕುಳಿತು ಸೊಂಟ ಹಿಡಿದುಕೊಂಡಳು.

ಮರುದಿನ ನಸುಕಿನಲ್ಲೇ ಹಿಟ್ನಾಳದ ಸೋದರಮಾವ ಬಂದು ನನ್ನನ್ನು ಕರೆದುಕೊಂಡು ಹೋದ. ಬಸ್ಸು ಹತ್ತುವಾಗ ನೆನಪಾಗಲಿಲ್ಲ. ಅಲ್ಲಿ ನೆನಪಾಯಿತು. ಮಾವನಿಗೆ ಹೇಳಬಹುದಿತ್ತು. ಹೇಳಲಿಲ್ಲ – ಬೈಸಿಕೊಳ್ಳಬೇಕಾಗುತ್ತದೆಂದು.

ತಿರುಗಿ ಬಂದಾಗ ಹನುಮವ್ವನ ಎಮ್ಮೆ ಸತ್ತಿತ್ತು. ಗಾಣದ ಎತ್ತು ರಕ್ತ ಬೇದಿಯಾಗಿ ಅಂಗಳದಲ್ಲಿ ಮಲಗಿತ್ತು, ಕಣ್ಣಿಗೆ ಕಟ್ಟುವ ಬಟ್ಟೆ ಅದರ ಕೊರಳಲ್ಲೇ ಜೋತಾಡುತ್ತಿತ್ತು. ಓಣಿಯವರೆಲ್ಲ ಸೇರಿದ್ದರು. ಹಿಂಡಿ ಹೆಚ್ಚು ಕಾಣಲೆಂದು ಬಸಣ್ಣನೇ ಔಡಲ ಬೆರೆಸಿದ ಎಂದು ಒಬ್ಬ ಹೇಳುತ್ತಿದ್ದ. ಹನುಮವ್ವ ಬೈಯಲಿಲ್ಲ. "ನನ್ನ ಹೊಟ್ಟಿ ಮ್ಯಾಲ ಯಾಕ ಹೊಡದಿ ಬಸಣ್ಣ," ಎಂದಷ್ಟೇ ಅಂದು ಕುಳಿತಿದ್ದಳು.

ಕಾಕಾ ನಮ್ಮಿಬ್ಬರನ್ನೂ ನಡುವೆ ನಿಲ್ಲಿಸಿದ.

"ಖರೇ ಹೇಳ್ರಿ. ಆವತ್ತ ಬುಟ್ಟಿ ಗುಂಡಿಗೆ ಹಾಕಿದ್ರ್ಯೋ ಇಲ್ಲೋ?"

ನಾನು ಮೊದಲು ಬಾಯಿ ತೆರೆದೆ. "ನಾ ಗುಂಡ್ಯಾಗ ಹಾಕೀನಿ ಕಾಕಾ. ನೀಲಿದು ನನಗ ಗೊತ್ತಿಲ್ಲ."

ನೀಲಿ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ – ಏನಿತ್ತೆಂದು ಇಷ್ಟು ವರ್ಷ ಹುಡುಕಿದ್ದೇನೆ. ಅವಳು ತಲೆ ತಗ್ಗಿಸಿದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಎತ್ತಿಗೆ ಎಂದೂ ಬಾರುಕೋಲು ಎತ್ತದ ಕಾಕಾ ಅದೇ ಬಾರುಕೋಲಿನಿಂದ ಅವಳನ್ನು ಹೊಡೆದ. ನಾನು ನಿಂತು ನೋಡಿದೆ.

ಎತ್ತು ಸತ್ತಿತು. ಮುಂದಿನ ಸುಗ್ಗಿಗೆ ಗಾಣಕ್ಕೆ ಒಂದು ಮುಷ್ಟಿ ಕಾಳೂ ಬರಲಿಲ್ಲ. ನಮ್ಮ ಮನೆಯ ಕುಸುಬಿಯೂ ಯಲಬುರ್ಗಾದ ಗಿರಣಿಗೆ ಹೋಯಿತು. ಕಾಕಾನ ಮನೆಯವರು ಊರು ಬಿಟ್ಟು ಭಾಗ್ಯನಗರ ಸೇರಿದರು. ಕಾಕಾ ಚೀಲ ಹೊರುವ ಕೆಲಸಕ್ಕೆ ಹೋದ, ನೀಲಿಯ ಸಾಲೆ ನಿಂತಿತು. ಅವ್ವ ಕಿಂಡಿಗೆ ಮಣ್ಣು ಮೆತ್ತಿದಳು. ತೆಗೆಯಲು ಆಚೆ ಯಾರೂ ಇರಲಿಲ್ಲ. ನಾನು ಓದಿದೆ. ಕುಷ್ಟಗಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿಯಾದೆ. ನಿಜ ಹೇಳಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ.

ಕಾಕಾ ಹಾಸಿಗೆ ಹಿಡಿದಿದ್ದಾನೆಂದು ತಿಳಿದು ಭಾಗ್ಯನಗರಕ್ಕೆ ಹೋದೆ. ಹೇಳಲೆಂದೇ ಹೋಗಿದ್ದೆ. ನೀಲಿಯೇ ಅವನನ್ನು ನೋಡಿಕೊಳ್ಳುತ್ತಿದ್ದಳು. ನೀರಿನ ಲೋಟ ತಂದು ಮುಂದೆ ಹಿಡಿದಳು. ಅವನು ಅವಳ ಮುಖ ನೋಡಲಿಲ್ಲ. "ನೆಲದ ಮ್ಯಾಲಿಡು," ಎಂದ. ಅವಳು ಇಟ್ಟಳು. ಆಮೇಲೆ ಅವನು ನನ್ನ ಕಡೆ ಕೈ ಚಾಚಿದ.

"ನೀ ಕೊಡವಾ ಸಾವಿ. ಸಣ್ಣಾಕಿ ಇದ್ದಾಗಿಂದ ಹೇಳಿದ ಕೆಲಸ ಹೇಳಿದಂಗ ಮಾಡೋ ಹುಡುಗಿ ನೀ."

ನಾನು ಲೋಟ ಎತ್ತಿ ಕೊಟ್ಟೆ. ಅವನು ಕುಡಿದ. ತಂದಿದ್ದ ಹಣ್ಣು ಇಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಕಾಕಾ ತೀರಿಹೋದ ಮೇಲೆ ಮತ್ತೆ ಹೋದೆ. ಮಾತಾಡಿಸಲು ಬಂದ ಜನ ಕರಗುವವರೆಗೆ ಕಾದು ನೀಲಿಗೆ ಎಲ್ಲ ಹೇಳಿದೆ, ರಾಶಿಯ ಹಿಂಬದಿ, ಕೈಯಿಂದ ಸವರಿದ್ದು, ಎಲ್ಲ.

"ನನಗ ಗೊತ್ತೈತಿ," ಎಂದಳು. "ಗುಂಡಿ ಹತ್ರ ನಿನ್ನ ಸಲುವಾಗಿ ಕಾದು ನಿಂತಿದ್ದೆ. ನೀ ಬರಲಿಲ್ಲ."

"ಮತ್ತ್ಯಾಕ ಹೇಳಲಿಲ್ಲ ನೀಲಿ?"

"ಹೇಳಿದ್ರ ನಿಮ್ಮವ್ವ ನಿನ್ನ ನನ್ನ ಕೂಡ ಆಡಾಕ ಬಿಡೂದಿಲ್ಲ ಅನಿಸ್ತು. ಅಷ್ಟ ತಿಳೀತಿತ್ತು ಆವಾಗ. ದೊಡ್ಡಾಕಿ ಆದಮ್ಯಾಲ ಹೇಳಿದೆ. ಅಪ್ಪ ನಂಬಲಿಲ್ಲ. ಸಾವಿ ಮ್ಯಾಲ ಹಾಕಬ್ಯಾಡ ಅಂದ. ನಿನ್ನ ಬಾಯಿಂದ ಬರಬೇಕಿತ್ತದು. ಅವ ಇದ್ದಾಗ."

ಊರಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ.

"ಹೇಳು. ಹನುಮವ್ವ ಸತ್ತು ಭಾಳ ವರ್ಷಾತು. ಗಾಣ ಇದ್ದ ಜಾಗಾನೂ ಈಗಿನವರಿಗೆ ಗೊತ್ತಿಲ್ಲ. ಯಾರ ಮುಂದ ಹೇಳ್ತಿ?"

ಆದರೂ ಹೋಗುತ್ತೇನೆ. ಅದರಿಂದ ಏನೂ ಸರಿಹೋಗುವುದಿಲ್ಲವೆಂದು ತಿಳಿದೇ ಹೋಗುತ್ತೇನೆ.

ಹೊರಡುವ ಮುಂಚೆ ನೀಲಿ ಚಹಾ ತಂದಳು. ನಾನು ಕೈ ಚಾಚಿದೆ. ಅವಳು ಲೋಟವನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟಳು. ಇಷ್ಟು ವರ್ಷದ ರೂಢಿಯೋ, ನನಗೆ ಕೊಟ್ಟ ಉತ್ತರವೋ – ಕೇಳಲಿಲ್ಲ. ಬಗ್ಗಿ ಎತ್ತಿಕೊಂಡೆ.