ಮೇಟಿಯಾಗಿ ನಿಂತ ಶೆಟ್ಟೆವ್ವ

ಕಳೆದ ಸೋಮವಾರ ಈ ಊರಿನ ಗೌಡರು, ಹುಡುಗಿಯರು ಓಡುತ್ತಿದ್ದ ಕಣಕ್ಕೆ ನೇಗಿಲು ಹೊಡೆಸಿದರು. ನಡುವೆ ನೆಟ್ಟಿದ್ದ ಮೇಟಿಯ ಕಂಬವನ್ನು ಕೀಳಿಸಿ ತಮ್ಮ ಹಿತ್ತಲಿಗೆ ಒಯ್ಯಿಸಿದರು.

ಇವತ್ತು ಗುರುವಾರ. ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ. ಇಂಡಿ ತಾಲೂಕಿನ ಝಳಕಿಯಲ್ಲಿ ಹೆದ್ದಾರಿ ಬಿಟ್ಟು ಕಪ್ಪು ಎರಿಹೊಲಗಳ ನಡುವೆ ಒಂದು ಹರಿದಾರಿ ನಡೆದರೆ ಸಿಗುವ ಕೇರಿ ಇದು. ಇಲ್ಲಿ ತನ್ನ ಗುಡಿಸಲ ಮುಂದೆ ಕುಕ್ಕರಗಾಲಲ್ಲಿ ಕೂತ ಶೆಟ್ಟೆವ್ವ ಜೋಳ ಗಾಳಿಸುತ್ತಿದ್ದಾಳೆ. ಬೋಗುಣಿಯ ನೀರನ್ನು ಮೆಲ್ಲಗೆ ತಿರುವುತ್ತಾಳೆ. ಕಾಳು ನೀರಿನೊಡನೆ ಪಕ್ಕದ ಗಡಿಗೆಗೆ ಜಾರುತ್ತದೆ, ಹರಳು ತಳದಲ್ಲಿ ಉಳಿಯುತ್ತದೆ. ಆ ಹರಳನ್ನು ಎಸೆದು ಮತ್ತೆ ಹೊಸ ನೀರು ಹುಯ್ಯುತ್ತಾಳೆ. ಒಲೆಯ ಪಕ್ಕ ಹಸಿ ಬಟ್ಟೆಯಲ್ಲಿ ಕಟ್ಟಿಟ್ಟ ಮಡಕಿಕಾಳು ರಾತ್ರಿಯೇ ಮೊಳಕೆ ಒಡೆದಿದೆ.

ಇದು ಪೇಟೆಯಿಂದ ಕೊಂಡು ತಂದ ಜೋಳವಲ್ಲ. ಸುಗ್ಗಿಯಲ್ಲಿ ರಾಶಿ ತೂರಿ, ಚೀಲ ತುಂಬಿ, ಬಂಡಿ ಮನೆಗೆ ಹೋದ ಮೇಲೆ ಕಣದ ಸೆಗಣಿನೆಲಕ್ಕೆ ಅಂಟಿಕೊಂಡು ಉಳಿಯುವ ಮಣ್ಣುಗೂಡಿದ ಕಾಳು. ಕಣ ಮಾಡಿಕೊಟ್ಟವರ ಪಾಲಿಗೆ ಬರುವುದು ಇಷ್ಟೇ. ಇದನ್ನೇ ಗುಡಿಸಿ, ತಂದು, ಗಾಳಿಸಿ, ಒಡೆದು ನುಚ್ಚು ಮಾಡಿ ಶೆಟ್ಟೆವ್ವ ದಿನಾ ಬೆಳಗ್ಗೆ ಊರಿನ ಇಪ್ಪತ್ತು ಇಪ್ಪತ್ತೆರಡು ಹುಡುಗಿಯರಿಗೆ ಉಣಬಡಿಸುತ್ತಾಳೆ. ಉಣ್ಣುವ ಮೊದಲು ಅವರನ್ನು ಓಡಿಸುತ್ತಾಳೆ.

ವಯಸ್ಸೆಷ್ಟು ಎಂದು ಕೇಳಿದರೆ ಆಕೆಗೆ ನಗು. "ನಮ್ಮವ್ವ ನನ್ನ ಬರಗಾಲದಾಗ ಹಡದ್ಲಂತ. ಯಾವ ಬರಗಾಲ ಅಂತ ನೀವ ಹುಡಕ್ರಿ, ನಮ್ಮ ಸೀಮಿಗೇನು ಒಂದ ಬಂದೈತೇನ್ರಿ?" ತಲೆ ಮುಕ್ಕಾಲು ಬೆಳ್ಳಗಾಗಿದೆ. ಬೆರಳ ಸಂದಿಗಳು ಸೆಗಣಿಯ ಹಸಿಗೆ ಸೀಳಿವೆ. ಮದುವೆಯಾಗಿ ಬಂದ ವರ್ಷದಿಂದ ಈ ಊರ ರೈತರ ಕಣಗಳೆಲ್ಲ ಅವಳ ಕೈಯಲ್ಲಿ ಆದವು. ಎರಿಮಣ್ಣು ಒಣಗಿದರೆ ಬಾಯಿ ಬಿಡುವ ಮಣ್ಣು. ಅದಕ್ಕೆ ನೀರು ಹೊಡೆದು, ಹುಲ್ಲು ಕಿತ್ತು, ಹೊಟ್ಟು ಬೆರೆಸಿ, ತುಳಿಸಿ, ಬಡಿದು, ಬಿರುಕು ಮುಚ್ಚುವ ತನಕ ಸೆಗಣಿ ಬಳಿಯಬೇಕು. ಆಮೇಲೆ ಗಂಡಸರು ನಡುವೆ ಮೇಟಿ ನೆಡುತ್ತಾರೆ, ಪೂಜೆ ಮಾಡುತ್ತಾರೆ. ರಾಶಿ ಬಿದ್ದಮೇಲೆ ಬಳಿದವಳೇ ಒಳಗೆ ಕಾಲಿಡುವಂತಿಲ್ಲ. ಕಾಳಿನ ಹುಲುಸು ಹೋಗುತ್ತದಂತೆ.

ಹುಡುಗಿಯರನ್ನು ಓಡಿಸಿ ಉಣಿಸುವ ಈ ಕೆಲಸ ಶುರುವಾದದ್ದು ಎಪ್ಪತ್ತೈದರ ಆಗಸ್ಟ್ ಹದಿನೈದಕ್ಕೆ. ಶಾಲೆಯ ಅಂಗಳದಲ್ಲಿ ಬಾವುಟ ಏರಿಸಿ ಭಾಷಣ ನಡೆದಿತ್ತು. ಸಾಲಲ್ಲಿ ನಿಂತ ಹುಡುಗಿಯರು ಮೂವರು ಒಬ್ಬರ ಹಿಂದೊಬ್ಬರು ಕುಸಿದುಬಿದ್ದರು. ಬಿಸಿಲು ತಾಗಿದೆ ಎಂದರು ದೊಡ್ಡವರು. ಅಂಗಳ ಗುಡಿಸಲು ಬಂದಿದ್ದ ಶೆಟ್ಟೆವ್ವ ಕಸಬರಿಗೆ ಹಿಡಿದೇ ಕೇಳಿದಳು: "ಯಾಕ್ರಿ, ಗಂಡ್ಹುಡುಗ್ರು ನೆಳ್ಳಾಗ ನಿಂತಿದ್ರೇನು?"

ಆ ಮಾತಿಗೆ ತಿರುಗಿ ನೋಡಿದವಳು ಶಮಶಾದಬಿ, ಸಿಂದಗಿ ಕಡೆಯಿಂದ ಬಂದ ನರ್ಸಬಾಯಿ. ಬಿದ್ದ ಹುಡುಗಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ರಕ್ತವಿಲ್ಲದೆ ಬೆಳ್ಳಗಿತ್ತು. ಅವತ್ತು ಇಬ್ಬರೂ ಸೇರಿ ಮನೆ ಮನೆ ತಿರುಗಿದರು. ರಾತ್ರಿ ಏನು ಉಂಡೆ ಎಂಬುದೊಂದೇ ಪ್ರಶ್ನೆ. ಗೌಡರ ಓಣಿಯಾಗಲಿ, ಕುರುಬರ ಓಣಿಯಾಗಲಿ, ಕೇರಿಯಾಗಲಿ, ಗಂಡಸರು ಉಂಡು ಎದ್ದಮೇಲೆ ಹುಡುಗಿಯರು ಕೂತಿದ್ದರು. ಪಲ್ಯದ ಗಡಿಗೆಯಲ್ಲಿ ಖಾರದ ನೀರು ಉಳಿದಿತ್ತು. ಈ ಒಂದು ವಿಷಯದಲ್ಲಿ ಊರಿಗೆ ಜಾತಿಭೇದ ಇರಲಿಲ್ಲ.

"ಎತ್ತ ಸೊರಗಿದ್ರ ಹಿಂಡಿ ಇಡ್ತಾರ್ರಿ," ಎನ್ನುತ್ತಾಳೆ ಶೆಟ್ಟೆವ್ವ. "ಹುಡುಗಿ ಸೊರಗಿದ್ರ, ಚೊಲೋ ಆತು, ಕಡಿಮಿ ಉಣ್ತಾಳ ಅಂತಾರ. ಎತ್ತಿನ ಮ್ಯಾಲಿನ ಅಂತಃಕರಣ ಹೆಣ್ಣಿನ ಮ್ಯಾಲೆ ಇಲ್ಲ ಅಂದ್ಮ್ಯಾಲ, ಇವಕ್ಕ ಎತ್ತಿನ ಮರ್ಯಾದಿನ ಕೊಡಸೋಣು ಅಂದ್ನಿ."

ಊರ ಹೊರಗಿನ ಗಾಯರಾಣದಲ್ಲಿ, ದನ ಮೇಯುವ ಸರಕಾರಿ ನೆಲದಲ್ಲಿ, ಒಂದು ಹಳೆಯ ಕಣ ಪಾಳುಬಿದ್ದಿತ್ತು. ಅದನ್ನೇ ಬಳಿದು ಸರಿಮಾಡಿದಳು. ಜಾಲಿಮರದ ಮೇಟಿ ನೆಟ್ಟಳು. ಅವಳಿಗೆ ಗೊತ್ತಿದ್ದ ಓಟ ಒಂದೇ, ಹಂತಿ. ತೆನೆ ತುಳಿಸಲು ಎತ್ತುಗಳನ್ನು ಒಂದರ ಪಕ್ಕ ಒಂದು ಕಟ್ಟಿ ಮೇಟಿಯ ಸುತ್ತ ತಿರುಗಿಸುತ್ತಾರಲ್ಲ, ಅದರಲ್ಲಿ ಮುದಿಯೆತ್ತು, ನಿತ್ರಾಣದ ಎತ್ತು ಮೇಟಿಯ ಬಳಿ. ಅದು ನಿಂತಲ್ಲೇ ಹೆಜ್ಜೆ ಹಾಕಿದರೆ ಸಾಕು. ಕಸುವಿನ ಎತ್ತು ಹೊರಗೆ, ಅದು ಓಡಲೇಬೇಕು. ಹುಡುಗಿಯರನ್ನೂ ಹಾಗೇ ಕೈ ಕೈ ಹಿಡಿಸಿ ಸಾಲು ಮಾಡಿದಳು. ಹೊಸದಾಗಿ ಬಂದ ಬಡಕಲು ಹುಡುಗಿಗೆ ಮೇಟಿಯ ಬಳಿ ಜಾಗ. ಮೈಯಲ್ಲಿ ಕಸುವು ಬಂದಂತೆಲ್ಲ ಒಂದೊಂದು ಕೈ ಹೊರಗೆ ಸರಿಯುತ್ತಾಳೆ. ಬಿದ್ದರೆ ಪಕ್ಕದವಳು ಎತ್ತಬೇಕು. ಕೈ ಬಿಟ್ಟವಳಿಗೆ ಅವತ್ತು ನುಚ್ಚು ಬಡಿಸುವ ಕೆಲಸ, ಉಣ್ಣುವುದು ಕಡೆಗೆ.

ಊರು ಬಿಟ್ಟೀತೆ? ಕಟ್ಟೆಯ ಮೇಲಿಂದ ಒಬ್ಬ ಕೂಗಿದ: "ಏನ ಶೆಟ್ಟೆವ್ವ, ಹುಡುಗ್ಯಾರಿಗೆ ಮೂಗುದಾಣ ಯಾವಾಗ ಪೋಣಸ್ತಿ?"

"ಒಂದ ಐತೋ ತಮ್ಮಾ, ನಿನ್ನ ಸಲುವಾಗೇ ಹೊಸೆದಿಟ್ಟೇನಿ. ನಿಮ್ಮವ್ವನ ಕೇಳ್ಕೊಂಡು ಬಾ."

ನಗುತ್ತ ನಗುತ್ತಲೇ ಹೆಂಗಸರು ಹತ್ತಿರವಾದರು. ಕಳೆ ತೆಗೆಯಲು ಹೋದವರು ಸಂಜೆ ಬರುವಾಗ ಉಡಿಯಲ್ಲಿ ಒಂದು ಹಿಡಿ ಹಕ್ಕರಿಕಿ ಸೊಪ್ಪು ತಂದು ಶೆಟ್ಟೆವ್ವನ ಬಾಗಿಲಲ್ಲಿ ಹಾಕಿ ಹೋಗುತ್ತಾರೆ. ಯಾರೋ ಶೇಂಗಾ, ಯಾರೋ ಒಂದು ತಂಬಿಗೆ ಮಜ್ಜಿಗೆ. ನರ್ಸಬಾಯಿ ತಿಂಗಳಿಗೊಮ್ಮೆ ಬಂದು ಕಣ್ಣರೆಪ್ಪೆ ಎಳೆದು ನೋಡುತ್ತಾಳೆ. "ಶೆಟ್ಟೆವ್ವಾ, ನನ್ನ ಗುಳಿಗಿಗಿಂತ ನಿನ್ನ ಗಡಿಗಿ ಜೋರೈತಿ," ಎಂದು ಹೋದ ಸಲ ಚುಡಾಯಿಸಿದಳು.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಕಣದ ಅಂಚಿನಲ್ಲಿ ಸಾವಂತ್ರವ್ವ ಬಂದು ನಿಂತಳು. ಗೌಡ ಗುರಲಿಂಗಪ್ಪನವರ ಮೊಮ್ಮಗಳು. ಹತ್ತು ವರ್ಷದವಳು, ಕಾಲುಗಳು ಜೋಳದ ದಂಟಿನ ಹಾಗೆ. ಒಂದು ವಾರ ಸುಮ್ಮನೆ ನಿಂತು ನೋಡಿದಳು. ಎಂಟನೆಯ ದಿನ ಚಪ್ಪಲಿ ಬಿಟ್ಟು ಒಳಗೆ ಬಂದಳು. ಶೆಟ್ಟೆವ್ವ ಅವಳನ್ನು ಮೇಟಿಯ ಬಳಿ ನಿಲ್ಲಿಸಿ, ಕೇರಿಯ ಹುಡುಗಿಯೊಬ್ಬಳ ಕೈಗೆ ಅವಳ ಕೈ ಕೊಟ್ಟಳು. ಇವತ್ತು ಹಂತಿಯ ಹೊರತುದಿ ಅವಳದು. ಹೋದ ತಿಂಗಳು ಇಂಡಿಯ ಶಾಲಾ ಓಟದಲ್ಲಿ ಎರಡನೆಯವಳಾದಳು.

ಗೌಡರು ಊರಿಗೆಲ್ಲ ಪೇಡೆ ಹಂಚಿದರು. ಮನೆಯ ಹೆಂಗಸರು ಎರಡು ವರ್ಷ ಮುಚ್ಚಿಟ್ಟದ್ದನ್ನು ಆಮೇಲೆ ಯಾರೋ ಅವರ ಕಿವಿಗೆ ಹಾಕಿದರು: ಹುಡುಗಿ ಯಾರ ಕೈ ಹಿಡಿದು ಓಡುತ್ತಾಳೆ, ಯಾರ ಗಡಿಗೆಯ ನುಚ್ಚು ಉಣ್ಣುತ್ತಾಳೆ ಎಂದು. ಹುಡುಗಿಯನ್ನು ಕೋಣೆಗೆ ಹಾಕಿ ಚಿಲಕ ಹಾಕಿಸಿದರು. ಅವಳು ಕಿಟಕಿಯಿಂದ ದನದ ಕೊಟ್ಟಿಗೆಗೆ ಇಳಿದು ಬಂದಳು. ಬಡಿದರು. ಮತ್ತೆ ಬಂದಳು. "ಆಯಿ ಬ್ಯಾಡ ಅಂದ್ರ ಬಿಡ್ತೇನಿ, ಮತ್ತ ಯಾರ್ ಹೇಳಿದ್ರೂ ಬಿಡಂಗಿಲ್ಲ," ಎಂದಳಂತೆ. ಶೆಟ್ಟೆವ್ವ ಈ ಹುಡುಗಿಯರಿಗೆಲ್ಲ ಆಯಿ. ಹುಡುಗಿಯನ್ನು ತಡೆಯಲಾಗದ ಗೌಡರು, ಕಣದಲ್ಲಿ ಹೆಣ್ಣಿನ ಹೆಜ್ಜೆ ಬಿದ್ದು ಊರ ಹುಲುಸು ಹೋಯಿತೆಂದು ಸಾರಿ, ಆ ನೆಲಕ್ಕೆ ನೇಗಿಲು ಹೊಡೆಸಿದರು.

ಹೊಡೆದವನು ಗೌಡರ ಆಳು ಸೋಮನಿಂಗ. "ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ರಿ ಅಂತ ಅಂದ್ನಿ," ಎಂದು ತಲೆ ತಗ್ಗಿಸುತ್ತಾನೆ. "ಹೂಡಲೇ ಅಂದ್ರು. ಹೂಡಿದ್ನಿ. ಕಣ ಹೆಂತಾ ಗಟ್ಟಿ ಅಂತೀರಿ, ನೇಗಿಲಿನ ಕುಳ ಮುರೀತು."

ಈ ಸುದ್ದಿ ಕೇಳಿದ ಶೆಟ್ಟೆವ್ವ, "ಮುರೀತೇನು?" ಎಂದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಸೋಮವಾರದಿಂದ ಆಕೆ ನಕ್ಕದ್ದು ಅದೊಂದೇ ಸಲ.

ಬೆಳಕು ಹರಿಯುತ್ತಿದೆ. ಕಣವಿದ್ದಲ್ಲಿ ತಲೆಗಾತ್ರದ ಹೆಂಟೆಗಳು. ಅದರ ಪಕ್ಕ ಬಂಡಿಗಳು ತಿರುಗುವ ಅಗಲವಾದ ದಾರಿ ಮಾತ್ರ ಗಟ್ಟಿ ನೆಲ. ಮಂಗಳವಾರ ಹುಡುಗಿಯರು ಒಂಬತ್ತೇ ಮಂದಿ ಬಂದಿದ್ದರು, ನಿನ್ನೆ ಹದಿಮೂರು; ಓಡದೆ ನುಚ್ಚು ಉಂಡು ಹೋದರು. ಇನ್ನೆರಡು ದಿನ ಓಟ ನಿಂತರೆ ತಾಯಂದಿರು ಕೊಡ ಕೊಟ್ಟು ನೀರಿಗೆ ಕಳಿಸುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಅದು ಶೆಟ್ಟೆವ್ವನಿಗೆ ಗೊತ್ತು. ಓಡಲು ಮೇಟಿ ಇಲ್ಲ. ಅದಕ್ಕೇ ದಾರಿಯ ನಡುವೆ ತಾನೇ ನಿಲ್ಲುತ್ತಾಳೆ. ಎಲ್ಲರಿಗಿಂತ ಸಣ್ಣವಳು ಅವಳ ಎಡಗೈ ಹಿಡಿಯುತ್ತಾಳೆ, ಆ ಸಣ್ಣವಳ ಕೈಯನ್ನು ಇನ್ನೊಬ್ಬಳು. ಹಂತಿ ತಿರುಗತೊಡಗುತ್ತದೆ. ಅದರೊಡನೆ ಶೆಟ್ಟೆವ್ವನೂ ನಿಂತಲ್ಲೇ ತಿರುಗುತ್ತಾಳೆ.

ಸೋಮನಿಂಗನನ್ನು ಹಿಂದೆ ಹಾಕಿಕೊಂಡು ಗೌಡರು ಬರುತ್ತಾರೆ.

"ಶೆಟ್ಟೀ, ನಿಲ್ಲಸು."

ಅಷ್ಟರಲ್ಲಿ ಅವಳ ಬೆನ್ನು ಅವರಿಗಾಗಿದೆ. ಒಂದು ಸುತ್ತು ಬಂದು ಹೇಳುತ್ತಾಳೆ: "ಹೂಡಿದ ಹಂತಿ ನಡುವ ನಿಲ್ಲಸಬಾರದ್ರಿ ಗೌಡ್ರ. ಮಾತಾಡ್ರಿ, ಕೇಳಾಕತ್ತೇನಿ."

ಗೌಡರು ಹುಡುಗಿಯರತ್ತ ನೋಡುವುದಿಲ್ಲ. ದನಿ ತಗ್ಗಿಸುತ್ತಾರೆ. "ನಾಳೆ ಎತ್ತ ಕೊಡ್ತೇನಿ. ಹೆಂಟಿ ಒಡಸ್ತೇನಿ, ಮೇಟಿ ತಿರುಗಿ ನೆಡಸ್ತೇನಿ. ನಿಮ್ಮ ಕೇರಿ ಹುಡುಗ್ಯಾರು ಓಡ್ಲಿ, ಯಾರ ಬ್ಯಾಡಂತಾರ? ನಮ್ಮ ಸಾವಂತ್ರಿಗಷ್ಟ ಬರಬ್ಯಾಡ ಅಂತ ಹೇಳು. ಒಂದ ಮಾತು. ನೀ ಹೇಳಿದ್ರ ಕೇಳ್ತಾಳ."

ಇನ್ನೊಂದು ಸುತ್ತು. "ಹೇಳಲಿಲ್ಲಂದ್ರ?"

"ಈ ಸುಗ್ಗಿಗೆ ನನ್ನ ಕಣದಾಗಿನ ಒಂದ ಕಾಳು ನಿನ್ನ ಉಡಿಗೆ ಬೀಳಂಗಿಲ್ಲ. ನಂದಷ್ಟ ಅಲ್ಲ, ಊರಾಗಿನ ಯಾವ ಕಣದ್ದೂ ಇಲ್ಲ."

ಗುಡಿಸಲಲ್ಲಿ ಉಳಿದಿರುವುದು ಹತ್ತಿಪ್ಪತ್ತು ದಿನದ ಜೋಳ. ಒಂದು ಮಾತು ಆಡಿದರೆ ನೆಲ ಬರುತ್ತದೆ, ಮೇಟಿ ಬರುತ್ತದೆ, ಕಾಳೂ ಬರುತ್ತದೆ. ಹುಡುಗಿಯರಿಗೆಲ್ಲ ಕೇಳಿಸಿದೆ. ಹಂತಿ ನಿಧಾನವಾಗುತ್ತದೆ. ಹೊರತುದಿಯ ಸಾವಂತ್ರವ್ವ ಅಜ್ಜನನ್ನು ನೋಡುತ್ತಿಲ್ಲ; ಅವಳ ಕಣ್ಣು ಆಯಿಯ ಬಾಯಿಯ ಮೇಲಿದೆ.

"ಯಾಕ್ರೇ, ಕಾಲಾಗ ಮುಳ್ಳ ಮುರದಾವೇನು? ನಡೀರಿ," ಎಂದು ಶೆಟ್ಟೆವ್ವ ಗದರುತ್ತಾಳೆ. ಸಾಲು ಮತ್ತೆ ಎಳೆಯುತ್ತದೆ. ಅವಳು ತಿರುಗುತ್ತಾಳೆ, ಗೌಡರಿಗೆ ಎದುರಾಗುತ್ತಾಳೆ.

"ಆ ಮಾತು ನಾ ಹೇಳಂಗಿಲ್ರಿ. ನಿಮ್ಮ ಕಣಕ್ಕ ಬ್ಯಾರೆ ಯಾರನ್ನರ ನೋಡ್ಕೋರಿ ಗೌಡ್ರ, ಈ ಸುಗ್ಗಿಗೆ ನಾ ಬಳಿಯಂಗಿಲ್ಲ."